ನಲವತ್ತೊಂದನೇ ತಟ್ಟೆ

ನಮ್ಮ ಅಂಗಡಿಗೆ ತಟ್ಟೆ ಮಾಡಿಸಲು ಬಂದವರನ್ನು ಚೆನ್ನಾಜಕ್ಕ ಎಷ್ಟು ಬೇಕು ಎಂದು ಕೇಳುವುದಿಲ್ಲ, ಯಾರ್ಯಾರಿಗೆ ಎಂದು ಕೇಳುತ್ತಾಳೆ. ತಟ್ಟೆ ಎಂದರೆ ಉಣ್ಣುವ ತಟ್ಟೆಯಲ್ಲ, ಗ್ರಾಮಫೋನಿನ ತಟ್ಟೆ. ಸೀಡಿಯನ್ನೂ ಮಾಡಿಕೊಡುತ್ತೇವೆ, ಆದರೆ ಊರಿನವರಿಗೆ ಅದೂ ತಟ್ಟೆಯೇ. ಯಾರಾದರೂ ಬಂದು ನೆಟ್ಟಗೆ ಹತ್ತು ಬೇಕು ಎಂದರೆ ಅಕ್ಕ ಪೆನ್ನನ್ನೇ ಎತ್ತುವುದಿಲ್ಲ. ಹತ್ತು ಹೆಸರು ಹೇಳಬೇಕು. ಹೇಳಲು ಹೊರಟವರು ಐದನೆಯ ಹೆಸರಿಗೆ ತಡವರಿಸುತ್ತಾರೆ, ಆರನೆಯದಕ್ಕೆ ಸೂರು ನೋಡುತ್ತಾರೆ, ಆಮೇಲೆ ನಾಲ್ಕೇ ಸಾಕು ಅಕ್ಕ ಎಂದು ಹೇಳಿ ಎದ್ದು ಹೋಗುತ್ತಾರೆ.

ಏಕೆಂದರೆ ನಮ್ಮೂರಿನಲ್ಲಿ ದನಿ ಹಂಚಿಹೋಗುತ್ತದೆ. ಒಂದೇ ತಟ್ಟೆ ಮಾಡಿಸಿದರೆ ಮುಳ್ಳು ಇಟ್ಟ ಕೂಡಲೇ ಆ ಮನುಷ್ಯ ನಿಮ್ಮೆದುರು ಕೂತು ಮಾತಾಡಿದ ಹಾಗಿರುತ್ತದೆ, ಉಸಿರು ಎಳೆದುಕೊಂಡದ್ದೂ ಕೇಳುತ್ತದೆ. ಎರಡು ಮಾಡಿಸಿದರೆ ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ. ನಾಲ್ಕಾದರೆ ಹಿತ್ತಿಲಿನಿಂದ, ಏಳಾದರೆ ಬೀದಿಯ ಆಚೆ ಬದಿಯಿಂದ. ಹನ್ನೆರಡು ದಾಟಿತೋ, ಮುಳ್ಳು ಗೀರುವ ಸದ್ದು ಬಿಟ್ಟು ಬೇರೇನೂ ಇಲ್ಲ. ಒಂದು ತಟ್ಟೆ ಒಡೆದರೆ, ಕರಗಿದರೆ, ಅದರ ಪಾಲು ಉಳಿದವಕ್ಕೆ ಹೋಗಿ ಸೇರುತ್ತದೆ. ಯಾಕೆ ಹೀಗೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಹುಟ್ಟಿದಾಗಿನಿಂದ ಹೀಗೇ ಇದೆ, ಹೀಗೇ ಬಾಳುತ್ತಿದ್ದೇವೆ.

ಬಾಳುವುದು ಎಂದರೆ ಏನೆಲ್ಲ ಬಂತು ನೋಡಿ. ಮದುವೆಯಾದ ಜೋಡಿ ತಮ್ಮ ಮಾತು ಮಾಡಿಸಿದರೆ ಒಂದೇ ಮಾಡಿಸಬೇಕು, ಎರಡು ಮಾಡಿಸಿದರೆ ಬೀಗರು ಮುಖ ಗಂಟು ಹಾಕಿಕೊಳ್ಳುತ್ತಾರೆ, ಈಗಲೇ ಬೇರೆ ಹೋಗುವ ಯೋಚನೆಯೇ ಅಂತ. ಒಂದು ಸಲ ಒಬ್ಬ ದೊಡ್ಡ ಮನುಷ್ಯರು ಅಕ್ಕನ ಮಾತು ಕೇಳದೆ ಬೇರೆಲ್ಲೋ ಹೋಗಿ ತಮ್ಮ ಭಾಷಣದ ಸಾವಿರ ಸೀಡಿ ಮಾಡಿಸಿ ಮನೆಮನೆಗೆ ಹಂಚಿದರು. ಒಂದಕ್ಷರ ಕೇಳಿಸಲಿಲ್ಲ, ಅದರಿಂದ ಯಾರಿಗೂ ತೊಂದರೆಯೂ ಆಗಲಿಲ್ಲ. ಇನ್ನೊಬ್ಬ ಅತ್ತೆ ತನ್ನ ಹುಳಿಸಾರಿನ ಹದವನ್ನು ಸೊಸೆಗೆಂದು ಒಂದೇ ತಟ್ಟೆಯಲ್ಲಿ ಹೇಳಿಸಿ, ಆಮೇಲೆ ಯಾರಿಗೂ ತಿಳಿಯದಂತೆ ಮಗಳಿಗೆ ಇನ್ನೊಂದು ಮಾಡಿಸಿದಳು. ಅವತ್ತೇ ಮಧ್ಯಾಹ್ನ ಸೊಸೆ ಒಗ್ಗರಣೆ ಸೌಟು ಹಿಡಿದುಕೊಂಡೇ ನಮ್ಮ ಅಂಗಡಿಗೆ ಬಂದಳು. ಬೆಳಿಗ್ಗೆ ಎದುರಿಗೆ ಕೂತು ಹೇಳುತ್ತಿದ್ದ ಅತ್ತೆ ಈಗ ಪಕ್ಕದ ಕೋಣೆಗೆ ಹೋಗಿದ್ದಾರೆ, ಎರಡನೆಯದು ಯಾರಿಗೆ ಹೋಯಿತು ಹೇಳಿ ಅಂತ. ಹಾಗಾಗಿ ನಮ್ಮೂರಿನಲ್ಲಿ ತಟ್ಟೆಯ ವಿಷಯದಲ್ಲಿ ಕಳ್ಳತನ ನಡೆಯುವುದಿಲ್ಲ. ಇದು ಗೊತ್ತಿದ್ದೂ ನಾನು ಮಾಡಿದೆ. ಅದನ್ನೇ ಹೇಳಲು ಹೊರಟಿದ್ದು.

ನನ್ನ ಹೆಸರು ನೀಲಾ. ತಟ್ಟೆಯ ನಡುವೆ ಅಂಟಿಸುವ ಚೀಟಿ ಬರೆಯುವುದು, ರಟ್ಟಿನ ಹೊದಿಕೆ ಮಾಡುವುದು, ಬಂದವರ ಹತ್ತಿರ ಬಾಯಿ ಮಾಡುವುದು ನನ್ನ ಕೆಲಸ. ಮಾತು ಹಿಡಿದು ಅಚ್ಚು ಕೊರೆಯುವುದು, ತಟ್ಟೆಗೆ ಬೇಕಾದ ಪ್ಲಾಸ್ಟಿಕ್ಕಿನ ಕರಿ ಕಾಳು ಕಾಯಿಸಿ ಒತ್ತುವುದು ಚೆನ್ನಾಜಕ್ಕನ ಕೆಲಸ. ಆಕೆಯ ಕೈಯಲ್ಲಿ ಒತ್ತಿದ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು ನೀವು. ಎಲ್ಲೂ ತಡೆಯುವುದಿಲ್ಲ. ಅಚ್ಚು ಕೊರೆಯುವಾಗ ಆಕೆ ಒಳಗಿನ ಕೋಣೆಗೆ ಯಾರನ್ನೂ ಬಿಡುವುದಿಲ್ಲ, ಮಾತಾಡುವವರು ಮತ್ತು ತಾನು, ಅಷ್ಟೇ. ಅಲ್ಲಿ ಕೇಳಿದ್ದನ್ನು ಹೊರಗೆ ಆಡಿದವಳೂ ಅಲ್ಲ. ಒತ್ತುವುದು ಮುಗಿದ ತಕ್ಷಣ ಅಚ್ಚನ್ನು ಸುತ್ತಿಗೆಯಿಂದ ಜಜ್ಜಿಬಿಡುತ್ತಾಳೆ, ಅದೂ ಒಂದು ಪಾಲು ತಿನ್ನುತ್ತದೆ ಎಂದು.

ಐದು ವರ್ಷದವಳಿದ್ದಾಗ ನನ್ನನ್ನು ಯಾರೋ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋದರು. ಮೂರು ದಿನ ಮೈಕಿನಲ್ಲಿ ಕೂಗಿದರು, ಯಾರೂ ಬರಲಿಲ್ಲ. ಚೆನ್ನಾಜಕ್ಕ ಹೇಳುವುದು ಇಷ್ಟೇ: "ಕರಿ ಕಾಳಿನ ಪಾರ್ಸೆಲ್ ಬಿಡಿಸ್ಕೊಳ್ಳೋಕೆ ಹೋಗಿದ್ದೆ, ನಿನ್ನೂ ಬಿಡಿಸ್ಕೊಂಡು ಬಂದೆ." ಉಟ್ಟಿದ್ದ ಲಂಗ ನೀಲಿಯಾಗಿತ್ತೆಂದು ನೀಲಾ ಆದೆ. ಆಕೆಯನ್ನು ಊರಿನವರೆಲ್ಲ ಕರೆಯುವ ಹಾಗೆ ನಾನೂ ಚೆನ್ನಾಜಕ್ಕ ಎಂದೇ ಕರೆದುಕೊಂಡು ಬೆಳೆದೆ. ಪಾರ್ಸೆಲ್ ಜೊತೆಗೆ ಬಂದವಳು ಬೇರೇನೆಂದು ಕರೆಯಲಿ? ಆಕೆಯೂ ಹೇಳಿಕೊಡಲಿಲ್ಲ.

ಆ ಮೈಕಿನ ದನಿ ಇಂದುಮತಮ್ಮನದು. ಮೂವತ್ತೊಂದು ವರ್ಷ ಬಸ್ ಸ್ಟ್ಯಾಂಡಿನ ವಿಚಾರಣಾ ಕೊಠಡಿಯಲ್ಲಿ ಕೂತು ಬಸ್ಸು ಬರುವುದು ಹೋಗುವುದನ್ನು ಹೇಳಿದವರು. ಆದರೆ ಊರು ಅವರನ್ನು ತಲೆಯ ಮೇಲೆ ಇಟ್ಟುಕೊಂಡದ್ದು ಬಸ್ಸಿನ ವೇಳೆಗಲ್ಲ, ಕಳೆದುಹೋದ ಮಕ್ಕಳಿಗೆ. ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಕಳೆದುಹೋಗದೆ ದೊಡ್ಡವರಾದವರು ಕಡಿಮೆ. ಇಂದುಮತಮ್ಮ ಮಗುವಿಗೊಂದು ಬಿಸ್ಕತ್ತು ಕೊಟ್ಟು, ಮೈಕ್ ಹಿಡಿದು, ಇಂಥ ಬಟ್ಟೆ ತೊಟ್ಟ ಇಷ್ಟು ವರ್ಷದ ಮಗು ಇಲ್ಲಿದೆ, ಸಂಬಂಧಪಟ್ಟವರು ಬಂದು ಕರೆದುಕೊಂಡು ಹೋಗಬೇಕು ಎನ್ನುತ್ತಿದ್ದರು. ಮನೆಯವರು ಬಂದ ಮೇಲೆ ಎರಡನೆಯ ಸಲ ಕೂಗುತ್ತಿದ್ದರು, ಸಂಬಂಧಪಟ್ಟವರು ಬಂದಿದ್ದಾರೆ, ಹುಡುಕುತ್ತಿರುವವರು ಇನ್ನು ಹುಡುಕುವುದು ಬೇಡ ಎಂದು. ಆ ಎರಡನೆಯ ಕೂಗಿಗೆ ಇಡೀ ಬಸ್ ಸ್ಟ್ಯಾಂಡು, ಕಡಲೆಕಾಯಿ ಮಾರುವವರಿಂದ ಹಿಡಿದು ಕಂಡಕ್ಟರುಗಳವರೆಗೆ, ನಿಟ್ಟುಸಿರು ಬಿಡುತ್ತಿತ್ತು. ನನ್ನ ಪಾಲಿಗೆ ಆ ಎರಡನೆಯ ಕೂಗು ಇರಲಿಲ್ಲ ಎಂದೇ ನಾನು ತಿಳಿದಿದ್ದೆ.

ಹೋದ ವರ್ಷ ಅವರ ಗಂಟಲಿನಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ತೆಗೆಯಲೇಬೇಕು, ತೆಗೆದರೆ ಮಾತು ಹೋಗುತ್ತದೆ ಎಂದರು ಡಾಕ್ಟರು. ಆಪರೇಷನ್ನಿಗೆ ಮೂರು ದಿನ ಇದೆ ಎನ್ನುವಾಗ ಇಂದುಮತಮ್ಮ ಒಂದು ಹಳೆಯ ನೋಟ್‌ಬುಕ್ಕು ಕಂಕುಳಲ್ಲಿಟ್ಟುಕೊಂಡು ನಮ್ಮ ಅಂಗಡಿಗೆ ಬಂದರು. ಕಳೆದುಹೋದ ಮಕ್ಕಳನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದರು, ಆ ಕೂಗುಗಳನ್ನೇ ಓದಿ ತಟ್ಟೆ ಮಾಡಿಸಲು ಬಂದದ್ದು. ಅಕ್ಕನ ಜೊತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡವರು ಒಂದು ಗಂಟೆ ಬಿಟ್ಟು ಬಂದರು. ಅಕ್ಕನ ಕಣ್ಣು ಕೆಂಪಾಗಿತ್ತು. ನಾನು ಕೇಳಿದ್ದಕ್ಕೆ ಕರಿ ಕಾಳಿನ ಹೊಗೆ ಎಂದಳು, ಅವತ್ತು ಒಲೆಯನ್ನೇ ಹೊತ್ತಿಸಿರಲಿಲ್ಲ.

ಯಾರ್ಯಾರಿಗೆ ಎಂದು ಕೇಳಿದಾಗ ಇಂದುಮತಮ್ಮ ನಕ್ಕರು. ನಾನೇನು ಹೇಳಲಿ, ಬಂದು ಕೇಳಿದವರಿಗೆ ಕೊಡಿ ಎಂದರು. ಮರುದಿನ ಕಾಳು ತರಲು ಅಕ್ಕ ನಾಲ್ಕು ದಿನದ ದಾರಿ ಹೋಗಬೇಕಿತ್ತು, ಪಾರ್ಸೆಲ್ ಬಂದಿರಲಿಲ್ಲ, ಡಬ್ಬ ಅರ್ಧಕ್ಕೆ ಇಳಿದಿತ್ತು. ಹೋಗುವಾಗ ನನ್ನ ಕೈಗೆ ಪೆನ್ನು ಕೊಟ್ಟು, ಏಳು ಹೆಸರು, ಏಳರ ಮೇಲೆ ಒಂದೂ ಬೇಡ, ಒತ್ತಿ ಮುಗಿದ ಕೂಡಲೇ ಅಚ್ಚು ಜಜ್ಜು ಎಂದು ಎರಡೆರಡು ಸಲ ಹೇಳಿದಳು. ಒತ್ತುವುದನ್ನು ನೋಡಿ ನೋಡಿ ನಾನೂ ಕಲಿತಿದ್ದೆ, ತಲೆಯಾಡಿಸಿದೆ, ಮಹಾ ಜಾಣೆಯ ಹಾಗೆ.

ಏಳು ಹೆಸರು ಅರ್ಧ ಗಂಟೆಯಲ್ಲಿ ತುಂಬಿತು. ಎಂಟನೆಯವನಾಗಿ ಮರದ ಡಿಪೋದ ರುದ್ರಪ್ಪ ಬಂದ. ಆರು ಅಡಿ ಆಳು, ಮೀಸೆ ನೋಡಿದರೆ ಎಂಥವರೂ ದಾರಿ ಬಿಡಬೇಕು. ಆತ ಮೇಜಿನ ಮೇಲೆ ಎರಡೂ ಕೈ ಊರಿ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಅಳುತ್ತಿರುವ ಮಗು ಎಂದು ಇಂದುಮತಮ್ಮ ಕೂಗಿದ್ದು ತನ್ನನ್ನೇ ಎಂದು ಹೇಳುತ್ತ ಹೇಳುತ್ತ ಅತ್ತುಬಿಟ್ಟ. ನನಗೆ ಲೆಕ್ಕ ಬರುವುದಿಲ್ಲವೆಂದಲ್ಲ. ಎದುರಿಗೆ ನಿಂತ ಮುಖ ನೋಡಿಕೊಂಡು ಇಲ್ಲ ಎನ್ನಲು ಬರುವುದಿಲ್ಲ. ಮೂವತ್ತು ವರ್ಷದಿಂದ ಚೆನ್ನಾಜಕ್ಕ ಆ ಮೇಜಿನ ಹಿಂದೆ ಕೂತು, ಯಾರನ್ನೂ ನೋಯಿಸದೆ, ಯಾರಿಗೂ ಬಗ್ಗದೆ ಹೇಗೆ ಇಲ್ಲ ಎನ್ನುತ್ತಾಳೋ, ಅದು ಎಷ್ಟು ದೊಡ್ಡ ಕೆಲಸವೋ, ಅವತ್ತು ನನಗೆ ಗೊತ್ತಾಯಿತು. ಎಂಟನೆಯದನ್ನು ಬರೆದ ಮೇಲೆ ಒಂಬತ್ತನೆಯವರಿಗೆ ಏನು ಹೇಳುವುದು? ದರ್ಜಿ ಹಸೀನಾ ಬಾನು ಬಂದಳು, ಜಾತ್ರೆಯ ದಿನ ಕಳೆದುಹೋದ ಅವಳಿಜವಳಿ ಬಂದರು, ಅವರಿಗೆ ಒಂದು ಸಾಲದು, ಎರಡು. ಎಲ್ಲರೂ ಹೇಳಿದ್ದು ಒಂದೇ ಮಾತು, ನನ್ನದೊಂದರಿಂದ ಏನಾಗುತ್ತದೆ ಬರೆದುಕೋ ನೀಲಾ ಅಂತ. ನಲವತ್ತು ಹೆಸರಾಯಿತು. ಬೇರೆ ಎಲ್ಲಕ್ಕೂ ಇಟ್ಟಿದ್ದ ಕಾಳನ್ನೆಲ್ಲ ಸುರಿದು ಒತ್ತಿದೆ.

ಆಮೇಲೆ, ಯಾರೂ ಇಲ್ಲದಾಗ, ಇನ್ನೊಂದು ಒತ್ತಿದೆ. ಅದಕ್ಕೆ ಚೀಟಿ ಬರೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ನಾನಿದ್ದೇನೆಯೋ ಇಲ್ಲವೋ, ಅಷ್ಟು ತಿಳಿಯಬೇಕಿತ್ತು. ಮೂರು ದಿನ ನನ್ನನ್ನು ಯಾವ ಮಾತಿನಿಂದ ಕೂಗಿದರು, ನಾನು ಅಳುತ್ತಿದ್ದೆನೋ ಸುಮ್ಮನಿದ್ದೆನೋ, ಯಾರನ್ನೂ ಕೇಳಲಾಗದೆ ಇಪ್ಪತ್ತನಾಲ್ಕು ವರ್ಷ ಕಳೆದಿದ್ದೆ. ಅಚ್ಚು ಜಜ್ಜಿ, ತಟ್ಟೆ ಇಟ್ಟು, ಮುಳ್ಳು ಇಳಿಸಿ ಕಿವಿ ಕೊಟ್ಟೆ. ಬರೀ ಗೀರು. ಮೊದಲಿನಿಂದ ಕೊನೆಯವರೆಗೂ ಗೀರು. ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದ ತಳಕ್ಕೆ ಇಳಿಸಿದೆ.

ಚೆನ್ನಾಜಕ್ಕ ಬಂದವಳು ಪಟ್ಟಿ ನೋಡಿದಳು. ಬೈಯುತ್ತಾಳೆಂದು ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಆಕೆ ಕೈಕಾಲು ತೊಳೆದುಕೊಂಡು ಬಂದು, ಊಟ ಆಯ್ತಾ ಎಂದು ಕೇಳಿದಳು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಹದಿನೈದು ದಿನವಾದ ಮೇಲೆ ಇಂದುಮತಮ್ಮ ಬಂದರು. ಕೊರಳಿಗೆ ಬಿಳಿ ಬಟ್ಟೆ ಸುತ್ತಿತ್ತು, ಕೈಯಲ್ಲಿ ಸ್ಲೇಟು. ಅಕ್ಕ ಎದ್ದು ಕುರ್ಚಿ ಕೊಟ್ಟಳು. ಅವರು ಸ್ಲೇಟಿನ ಮೇಲೆ ಒಂದೇ ಪದ ಬರೆದು ತಿರುಗಿಸಿದರು: ನನ್ನದು?

ನಮ್ಮೂರಿನಲ್ಲಿ ತಮ್ಮ ದನಿಯ ತಟ್ಟೆಯನ್ನು ತಾವೇ ಇಟ್ಟುಕೊಳ್ಳುವ ರೂಢಿಯಿಲ್ಲ. ಬಾಯಿ ಇದೆಯಲ್ಲ, ಸುಮ್ಮನೆ ಒಂದು ಪಾಲು ಯಾಕೆ ತಿನ್ನಬೇಕು ಎಂದು ಮಾತಾಡಿದವರ ಹೆಸರನ್ನು ಯಾವತ್ತೂ ಬರೆಯುವುದಿಲ್ಲ. ಆ ರೂಢಿ ಎಷ್ಟು ಗಟ್ಟಿಯೆಂದರೆ, ನನಗೆ ಹೊಳೆಯದಿದ್ದದ್ದು ಹೋಗಲಿ, ಚೆನ್ನಾಜಕ್ಕನಿಗೂ ಹೊಳೆದಿರಲಿಲ್ಲ. ಆಕೆ ಏಳು ಎಂದಾಗಲೂ ಅವರನ್ನು ಎಣಿಸಿರಲಿಲ್ಲ. ಇನ್ನು ಮುಂದೆ ಬಾಯಿಯೇ ಇಲ್ಲದವರು ಒಬ್ಬರೇ ಒಬ್ಬರು, ಅವರ ಹೆಸರನ್ನೇ ಬಿಟ್ಟಿದ್ದೆವು. ಅಚ್ಚಿಲ್ಲ, ದನಿಯಿಲ್ಲ, ಇರುವ ತಟ್ಟೆಗಳಲ್ಲಿ ಗೀರು ಬಿಟ್ಟು ಏನೂ ಇಲ್ಲ. ಹತ್ತು ದಿನ ಕೊಡಿ ಎಂದಳು ಅಕ್ಕ. ಅವರು ಸ್ಲೇಟು ಒರೆಸಿಕೊಂಡು ಹೋದರು.

ಮರುದಿನದಿಂದ ಅಕ್ಕ ಪಟ್ಟಿ ಹಿಡಿದು ಮನೆಮನೆಗೆ ಹೊರಟಳು, ನಾನು ಚೀಲ ಹಿಡಿದು ಹಿಂದೆ. ಆಕೆ ತಟ್ಟೆ ವಾಪಸ್ಸು ಕೊಡಿ ಎಂದು ಒಬ್ಬರನ್ನೂ ಕೇಳಲಿಲ್ಲ. ನನ್ನ ತಪ್ಪನ್ನೂ ಎತ್ತಲಿಲ್ಲ. ಹೊಸಿಲ ಹೊರಗೆ ನಿಂತು, "ಇಂದುಮತಮ್ಮನ ಪಟ್ಟಿ ಬರೀವಾಗ ನಮ್ಮ ಅಂಗಡಿಯವ್ರು ಅವ್ರ ಹೆಸ್ರೇ ಬಿಟ್ಬಿಟ್ಟಿದೀವಿ" ಎನ್ನುತ್ತಿದ್ದಳು, ಅಷ್ಟೇ. ಉಳಿದದ್ದು ಎಲ್ಲರಿಗೂ ತಾನಾಗೇ ತಿಳಿಯುತ್ತಿತ್ತು. ಹಸೀನಾ ಬಾನು ತನ್ನ ಮದುವೆಯ ದುಪಟ್ಟಾದಲ್ಲಿ ಸುತ್ತಿಟ್ಟಿದ್ದಳು. ಬಿಚ್ಚಿ, ಒಂದು ಸಲ ಎದೆಗೊತ್ತಿಕೊಂಡು, ಕೊಟ್ಟಳು. ಅವಳಿಜವಳಿ ತಮ್ಮ ಎರಡು ತಟ್ಟೆಗಳನ್ನು ನಮ್ಮೆದುರೇ ಮೊಣಕಾಲಿಗೆ ಬಡಿದು ಮುರಿದರು. ಕೇಳಿಸದಿದ್ದ ತಟ್ಟೆಯನ್ನು ಕೊಡುವುದು ಸುಲಭ ಎಂದು ನೀವು ಅಂದುಕೊಳ್ಳಬಹುದು. ಹಾಗಲ್ಲ. ಮುಂದೆ ಯಾವತ್ತಾದರೂ ಬೇರೆಯವರದು ಒಡೆದರೆ ನಮ್ಮದು ಮಾತಾಡೀತು ಎಂಬ ಆಸೆ ಎಲ್ಲರಿಗೂ ಇರುತ್ತದೆ. ಆ ಆಸೆಯನ್ನೇ ಅವರು ಚೀಲಕ್ಕೆ ಹಾಕಿದ್ದು. ನನ್ನೂರಿನ ಜನರನ್ನು ನಾನು ಬಾಯಿಗೆ ಬಂದಂತೆ ಆಡಿಕೊಳ್ಳುವವಳು, ಆದರೆ ಆ ಹತ್ತು ದಿನ ನನಗೆ ಅವರ ಕಾಲು ಮುಟ್ಟಬೇಕು ಅನ್ನಿಸಿತು.

ರುದ್ರಪ್ಪ ಒಬ್ಬ ಕೊಡಲಿಲ್ಲ. ತನ್ನ ತಟ್ಟೆ ಕೇಳಿಸದಿದ್ದರೂ ತನ್ನ ಹತ್ತಿರವೇ ಇರಲಿ, ಯಾರ ಹಂಗೂ ಬೇಡ ಎಂದು ಮುಖ ತಿರುಗಿಸಿಕೊಂಡು ಗರಗಸದ ಕಡೆಗೆ ಹೋಗಿಬಿಟ್ಟ. ಅಕ್ಕ ಎರಡನೆಯ ಸಲ ಹೋಗಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಅಂಗಡಿಯ ಮುಂದೆ ತಟ್ಟೆ ಕೊಟ್ಟವರೆಲ್ಲ ಸೇರಿದ್ದರು. ಇಂದುಮತಮ್ಮ ಕುರ್ಚಿಯಲ್ಲಿ ಕೂತಿದ್ದರು. ಹಸೀನಾ ಬಾನುವಿನ ತಟ್ಟೆಯನ್ನು ಅವರಿಗೆಂದು ತೆಗೆದಿಟ್ಟು, ಉಳಿದವನ್ನು ಅಕ್ಕ ಒಂದೊಂದಾಗಿ ಬಾಣಲೆಗೆ ಇಳಿಸಿದಳು. ಹತ್ತು ಉಳಿದಾಗ ಒಮ್ಮೆ ಮುಳ್ಳು ಇಟ್ಟಳು. ಯಾರೋ ದೂರದಲ್ಲಿ, ಊರಾಚೆ, ಕೂಗಿದ ಹಾಗೆ. ಇಂದುಮತಮ್ಮ ಕುರ್ಚಿಯ ಕೈ ಹಿಡಿದುಕೊಂಡರು. ರುದ್ರಪ್ಪನದೂ ನನ್ನದೂ ಸೇರಿ ನಾಲ್ಕು ಉಳಿದಾಗ ಹಿತ್ತಿಲಿನಿಂದ, ಪ್ರಯಾಣಿಕರ ಗಮನಕ್ಕೆ ಎಂಬುದು ಸ್ಪಷ್ಟವಾಗಿ ಬಂತು, ನಿಂತವರಲ್ಲಿ ಅರ್ಧ ಜನ ಸೆರಗು ಬಾಯಿಗೆ ಒತ್ತಿಕೊಂಡರು. ಪ್ರತಿ ಸಲವೂ ಅಕ್ಕ ಮೊದಲ ಸಾಲಿಗೇ ಮುಳ್ಳು ಎತ್ತಿಬಿಡುತ್ತಿದ್ದಳು, ಪೂರ್ತಿ ಕೇಳುವ ಮೊದಲ ಕಿವಿ ಅವರದೇ ಆಗಬೇಕು, ಪೂರ್ತಿ ದನಿಯಲ್ಲೇ ಆಗಬೇಕು ಎಂದು. ಆಗ ಜನರ ನಡುವೆ ದಾರಿ ಬಿಟ್ಟಿತು. ರುದ್ರಪ್ಪ ಬಂದ. ಯಾರ ಮುಖವನ್ನೂ ನೋಡದೆ ತನ್ನ ತಟ್ಟೆಯನ್ನು ತಾನೇ ಬಾಣಲೆಗೆ ಇಳಿಸಿ, ಅದು ಮೆತ್ತಗಾಗಿ ಮಡಚಿಕೊಳ್ಳುವವರೆಗೂ ನೋಡುತ್ತ ನಿಂತ. ಉಳಿದಿದ್ದ ಇನ್ನೊಂದೂ ಹೋಯಿತು. ಮೂವತ್ತೊಂಬತ್ತು ಮುಗಿದವು.

ಅಕ್ಕ ಮುಳ್ಳು ಇಟ್ಟಳು. ದನಿ ಪಕ್ಕದ ಕೋಣೆಯಿಂದ ಬಂತು.

ಮುಳ್ಳು ಎತ್ತಿದಳು. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕ ನನ್ನ ಕಡೆಗೆ ತಿರುಗಲೇ ಇಲ್ಲ. ತನ್ನ ಎಣಿಕೆಯೇ ತಪ್ಪಿರಬೇಕು ಎಂದು ಪಟ್ಟಿ ತೆಗೆದು ಮೊದಲಿನಿಂದ ಓದಿದಳು, ಎಲ್ಲ ಸರಿಯಾಗಿತ್ತು. ಹಿಂದಿನಿಂದ ಯಾರೋ, ರುದ್ರಪ್ಪ ಮೊದಲೇ ಕೊಡೋಲ್ಲ ಎಂದವನು, ಎರಡು ಮಾಡಿಸಿಕೊಂಡು ಒಂದನ್ನು ಒಳಗಿಟ್ಟಿರಬೇಕು ಎಂದರು. ಇನ್ನೊಬ್ಬರು ಹೌದು ಎಂದರು. ಆ ಆರು ಅಡಿ ಆಳು ಹೆಗಲ ಟವೆಲನ್ನು ಕೈಯಲ್ಲಿ ಹಿಂಡುತ್ತ ಒಬ್ಬೊಬ್ಬರ ಮುಖವನ್ನೇ ನೋಡಿದ. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಅಳುತ್ತಿದ್ದ ಮಗು ಹೇಗಿದ್ದಿರಬೇಕೆಂದು ನನಗೆ ಆಗ ಕಣ್ಣಿಗೆ ಕಟ್ಟಿತು.

ಒಳಗೆ ಹೋದೆ. ಅಕ್ಕಿ ಡಬ್ಬಕ್ಕೆ ಮೊಣಕೈಯವರೆಗೂ ಕೈ ಹಾಕಿ ತೆಗೆದೆ. ಬಟ್ಟೆಯಿಂದ ಅಕ್ಕಿ ಉದುರಿಸಿಕೊಂಡು ಎಲ್ಲರ ನಡುವೆ ಬಂದು ನಿಂತು, "ನಂದು. ರುದ್ರಪ್ಪಣ್ಣಂದಲ್ಲ, ನಂದು" ಎಂದೆ. ಇಪ್ಪತ್ತನಾಲ್ಕು ವರ್ಷದ ಒಂದೇ ಪ್ರಶ್ನೆಯನ್ನು ಬಾಣಲೆಗೆ ಹಾಕುವುದು ಹೇಗಿರುತ್ತದೆಂದು ಹೇಳಲಾರೆ, ತಟ್ಟೆಯನ್ನು ಬಾಣಲೆಯ ಮೇಲಕ್ಕೆ ಹಿಡಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು, ಇಬ್ಬರೂ ಸೇರಿ ಇಳಿಸಿದೆವು. ಅದು ಕರಗಿತು.

ಆಮೇಲೆ ಇಂದುಮತಮ್ಮ ನಮ್ಮ ನಡುವೆ ಕೂತು ಮಾತಾಡಿದರು. ಅಂದರೆ ತಟ್ಟೆ. ಆದರೆ ಉಸಿರು ಎಳೆದುಕೊಂಡದ್ದು, ಪುಟ ತಿರುವಿದ್ದು, ಬಳೆ ಮೈಕಿಗೆ ತಾಗಿದ್ದು, ಎಲ್ಲ ಅಲ್ಲೇ ಇತ್ತು. ಕುರ್ಚಿಯಲ್ಲಿ ಕೂತಿದ್ದವರ ತುಟಿಗಳು ಸದ್ದಿಲ್ಲದೆ ಜೊತೆಗೆ ಆಡುತ್ತಿದ್ದವು. ಒಂದೇ ಕಾಲಿಗೆ ಚಪ್ಪಲಿ ಹಾಕಿದ ಮಗು ಬಂತು, ರುದ್ರಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅವಳಿಜವಳಿ ಬಂತು, ಹೂವಿನ ಫ್ರಾಕಿನ ಹಸೀನಾ ಬಂದಳು. ತಟ್ಟೆ ಮುಗಿಯುತ್ತ ಬಂತು. ನಾನು ಬಾಣಲೆಯ ಅಂಚನ್ನು ಕೆರೆಯುತ್ತಿದ್ದೆ, ಏನನ್ನೂ ಕಾಯದವಳ ಹಾಗೆ.

"ಪ್ರಯಾಣಿಕರ ಗಮನಕ್ಕೆ. ನೀಲಿ ಲಂಗ ತೊಟ್ಟ, ಸುಮಾರು ಐದು ವರ್ಷದ ಹೆಣ್ಣುಮಗು ವಿಚಾರಣಾ ಕೊಠಡಿಯಲ್ಲಿದೆ. ಅಳುತ್ತಿಲ್ಲ. ಸಂಬಂಧಪಟ್ಟವರು ಬಂದು ಕರೆದುಕೊಂಡು ಹೋಗಬೇಕು." ಪುಟ ತಿರುವಿದ ಸದ್ದು. ಮತ್ತೆ ಅದೇ ಮಾತು, ಎರಡನೆಯ ದಿನ ಎಂದು. ಮತ್ತೆ ಅದೇ, ಮೂರನೆಯ ದಿನ ಎಂದು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಉಸಿರು ಎಳೆದುಕೊಂಡದ್ದು ಕೇಳಿಸಿತು. "ಪ್ರಯಾಣಿಕರ ಗಮನಕ್ಕೆ. ನೀಲಿ ಲಂಗದ ಮಗುವಿಗೆ ಸಂಬಂಧಪಟ್ಟವರು ಬಂದಿದ್ದಾರೆ. ಹುಡುಕುತ್ತಿರುವವರು ಇನ್ನು ಹುಡುಕುವುದು ಬೇಡ."

ಮುಳ್ಳು ಕೊನೆಯ ಗೆರೆಯಲ್ಲಿ ಸುತ್ತುತ್ತಿತ್ತು. ಇಂದುಮತಮ್ಮ ಸ್ಲೇಟಿನ ಮೇಲೆ ಬರೆದು ನನ್ನ ಕಡೆಗೆ ಹಿಡಿದರು: ಯಾರು ನೀವು ಅಂತ ಕೇಳಿದೆ. ಸಂಬಂಧಪಟ್ಟವರು ಬಂದಿದ್ದಾರೆ ಅಂತ ಕೂಗಿ ಅಂದವರು ಇವರೇ.

ನಾನು ತಿರುಗಿ ನೋಡಿದೆ. ಚೆನ್ನಾಜಕ್ಕ ತಟ್ಟೆಯನ್ನು ಎತ್ತಿ, ಅಂಚನ್ನು ಬೆರಳಿನಿಂದ ಸವರಿ, ನಾನು ಬರೆದಿಟ್ಟ ಹೊದಿಕೆಯೊಳಗೆ ಇಳಿಸುತ್ತಿದ್ದಳು. ಮೂಗು ಕೆಂಪಾಗಿತ್ತು, ಈ ಸಲ ಹೊಗೆಯೂ ಇತ್ತು. ತಟ್ಟೆಯನ್ನು ಇಂದುಮತಮ್ಮನ ಮಡಿಲಲ್ಲಿಟ್ಟು, ನನ್ನ ಕಡೆ ನೋಡದೆ, ಒಲೆ ಆರಿಸು, ಕಾಳು ಸೀದುಹೋಗುತ್ತದೆ ಎಂದಳು.

"ಆರಿಸ್ತೀನಮ್ಮ" ಎಂದೆ.